ಗಂಗವ್ವನ ಕಲ್ಲು ತೊಳೆದ ಕೈ

ಕೆರೆಯ ಏರಿ, ನಂದಗಡ ಹಾದಿ,
ತಾಲೂಕು ಖಾನಾಪುರ
೨ ಜೂನ್ ೨೦೦೧, ಶನಿವಾರ

ಪೂನಮಳ ಅಪ್ಪನವರಿಗೆ, ಸತ್ಯವ್ವ ಕೈಮುಗಿದು ಬರೆಯುವುದು.

ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಪೂನಮ ಕ್ಷೇಮವಾಗಿದ್ದಾಳೆ, ಅಷ್ಟನ್ನು ಬರೆಯುತ್ತೇನೆ. ಎರಡನೇ ಇಯತ್ತೆಗೆ ಹೋಗುತ್ತಾಳೆ, ಮುಂದಿನ ಎರಡು ಹಲ್ಲು ಬಿದ್ದಿವೆ. ಉಳಿದದ್ದನ್ನು ಓದಿ ನೀವೇ ತಿಳಿದುಕೊಳ್ಳಿ.

ನೀವು ಬೆಳಗಾವಿಯ ಕ್ಯಾಂಪಿನಲ್ಲಿ ಇದ್ದೀರೆಂದು ಕಲಂದರಭಾಯಿ ಹೇಳಿದರು. ಚರ್ಚಿನ ಹಿಂದಿನ ಯಾವುದೋ ಹಳೆಯ ಬಂಗಲೆಯಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದಿರಂತೆ. ಅವರನ್ನು ಕಂಡು ಪೈಪನ್ನು ಅಲ್ಲೇ ನೆಲಕ್ಕೆ ಹಾಕಿ ಒಳಗೆ ಹೋದಿರಂತೆ. ಅವರಿಗೆ ಅದರಿಂದ ಸಿಟ್ಟು ಬಂದಿಲ್ಲ. "ಭಾಬಿ, ಅಂವಾ ನನ್ನ ಮಾರಿ ಯಾಕ ನೋಡ್ಯಾನ? ನನ್ನ ಟೆಂಪೋಕ್ಕ ಕದ್ದು ಮೀನಾ ಹಾಕ್ಯಾನಂತ ಹೇಳೇ ಅಲ್ಲೇನು ಅವನ್ನ ಕಳ್ಳ ಮಾಡಿದ್ದು?" ಎಂದರು. ನಮ್ಮ ಕೆರೆಯ ಮೀನಿಗೆ ಬರ್ಫ ಹಾಕಿ ಹತ್ತು ವರ್ಷ ಬೆಳಗಾವಿ ಪೇಟೆಗೆ ಒಯ್ದ ಮನುಷ್ಯ, ಈಗ ಈ ಹಾದಿಯಲ್ಲಿ ಬಂದರೆ ಯಾರೂ ಒಂದು ವಾಟಿ ಚಹಾ ಕೊಡುವುದಿಲ್ಲ. ಆದರೂ ಈ ಪತ್ರ ಒಯ್ದು ಮುಟ್ಟಿಸಲು ಒಪ್ಪಿದ್ದಾರೆ. ಈ ಸಲ ಒಳಗೆ ಹೋಗಬೇಡಿ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ ಎನ್ನಿಸಬಹುದು. ಬರೆಯಬೇಕಾಗಿದೆ. ಅದು ನನ್ನ ಕಡೆಯಿಂದ ಹೇಗಿತ್ತೆಂದು ನಿಮಗೆ ಗೊತ್ತಿಲ್ಲ.

ಹೋದ ವರ್ಷ ಹೋಳಿಹುಣ್ಣಿಮೆಯ ಮರುವಾರ ಮೀನುಗಾರರ ಸೊಸೈಟಿಯವರು ಕೆರೆಗೆ ಬಲೆ ಹಾಕಿದರು. ಮಳೆಗಾಲದಲ್ಲಿ ನಾವೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ ತಂದು ಬಿಟ್ಟ ಕಟ್ಲಾ, ರೋಹು ಮರಿಗಳು ಅಷ್ಟು ಹೊತ್ತಿಗೆ ಮೊಳದುದ್ದ ಬೆಳೆದಿರಬೇಕಿತ್ತು. ಮೂರು ಸಲ ಎಳೆದರೂ ಒಂದು ಹರಗೋಲು ತುಂಬಲಿಲ್ಲ. ಬಲೆಯಲ್ಲಿ ಜೊಂಡು ಬಂತು, ಕೆಸರು ಬಂತು. ಇಪ್ಪತ್ತು ಮನೆಯವರು ದಂಡೆಯ ಮೇಲೆ ಬುಟ್ಟಿ ಹಿಡಿದು ನಿಂತಿದ್ದರು. ಎಲ್ಲರ ಕಣ್ಣೂ ನಮ್ಮ ಗುಡಿಸಿಲಿನ ಕಡೆಗೆ ತಿರುಗಿದವು, ಏಕೆಂದರೆ ಕಾವಲು ನಿಮ್ಮದು. ಚೇರಮನ್ ಮೈಲಾರಲಿಂಗಣ್ಣ ಕೂಗಾಡಲಿಲ್ಲ. "ನಾಗಲಿಂಗಾ, ನೀರಾಗಿಂದ ಮೀನಾ ಹಾರಿ ಹೋಗೂದಿಲ್ಲೋ ತಮ್ಮಾ" ಎಂದಷ್ಟೇ ಹೇಳಿ ಆಣೆಗೆ ಕರೆದರು.

ಕೆರೆಯ ಮಾತಿಗೆ ಗಂಡಸಿನ ಆಣೆ ನಡೆಯುವುದಿಲ್ಲ ಎನ್ನುವುದು ನಮ್ಮವರ ಪದ್ಧತಿ. ಗಂಗವ್ವ ಹೆಣ್ಣುದೇವರು, ಹೆಣ್ಣಿನ ಮಾತನ್ನೇ ಕೇಳುತ್ತಾಳೆ. ಕಾವಲುಗಾರನ ಮನೆಯ ಹೆಂಗಸು ಒದ್ದೆ ಸೀರೆಯಲ್ಲಿ ದಂಡೆಯ ಮೇಲಿನ ಅವಳ ಕಲ್ಲಿನ ಮುಂದೆ ನಿಂತು, ಒಂದು ಕೈಯನ್ನು ತನ್ನ ಕೂಸಿನ ತಲೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಅರಿಸಿನದ ಭಂಡಾರ ಎತ್ತಿ, ನನ್ನ ಮನೆಯವನು ತಪ್ಪು ಮಾಡಿಲ್ಲ ಎನ್ನಬೇಕು. ನಾನು ಕೆರೆಯಲ್ಲಿ ಮುಳುಗಿ ಬಂದು ನಿಂತೆ. ಪೂನಮಳ ತಲೆಯ ಮೇಲೆ ಕೈ ಇಟ್ಟೆ. ಭಂಡಾರದ ತಟ್ಟೆಯ ತನಕ ಹೋದ ಇನ್ನೊಂದು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಆಮೇಲೆ ಯಾರಿಗೂ ಏನೂ ಕೇಳುವ ಅಗತ್ಯ ಬೀಳಲಿಲ್ಲ. ನೀವು ಕೂಡ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಏರಿಯ ಮೇಲೆ ನಡೆಯುತ್ತ ಹೋದಿರಿ. ನಂದಗಡಕ್ಕೆ ಹೋಗಿದ್ದೀರಿ, ಸಂಜೆ ಬರುತ್ತೀರಿ ಎಂದುಕೊಂಡು ನಿಮ್ಮ ಪಾಲಿನ ರೊಟ್ಟಿ ಬಡಿದಿಟ್ಟೆ. ಆ ರೊಟ್ಟಿಯನ್ನು ಮೂರನೇ ದಿನ ಎಮ್ಮೆಗೆ ಹಾಕಿದೆ.

ಕೈ ಯಾಕೆ ಹಿಂದೆ ಬಂತೆಂದು ಈಗ ಹೇಳುತ್ತೇನೆ. ಅದಕ್ಕೂ ಮೊದಲು ಐದಾರು ತಿಂಗಳಿನಿಂದ ಗಂಗವ್ವನ ಕಲ್ಲು ಬೆಳಗಾದರೆ ಹೊಲಸಾಗಿರುತ್ತಿತ್ತು. ಕಪ್ಪಗೆ, ಅಂಟಂಟಾಗಿ, ಕೆಟ್ಟ ಮೀನಿನ ನಾತ. ನಂದಗಡದ ಸಂತೆಯಿಂದ ಕುಡಿದು ಬರುವವರು ಯಾರೋ ದೇವರ ಕಲ್ಲೆಂದೂ ನೋಡದೆ ಕಾರಿಕೊಳ್ಳುತ್ತಾರೆ, ಇಲ್ಲವೆ ಇನ್ನೂ ಕೆಟ್ಟದ್ದನ್ನು ಮಾಡುತ್ತಾರೆ ಎಂದು ತಿಳಿದೆ. ಹೇಳಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಕಲ್ಲು ಮೈಲಿಗೆಯಾದರೆ ಶುದ್ಧಿಯಾಗುವ ತನಕ ಒಂದು ತಿಂಗಳು ಯಾರೂ ನೀರಿಗೆ ಇಳಿಯುವಂತಿಲ್ಲ, ಕಾವಲು ಬೇರೆ ಮನೆಗೆ ಹೋಗುತ್ತದೆ. ಅದಕ್ಕೇ ನಾನು ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಹೋಗಿ, ಸೆಗಣಿ ನೀರು ಹಾಕಿ ತಿಕ್ಕಿ ತೊಳೆದು, ಅರಿಸಿನ ಬಳಿದು ಬರುತ್ತಿದ್ದೆ. ನಿಮಗೂ ಹೇಳಲಿಲ್ಲ. ನೀವು, ಬಹಳ ದೇವರ ಭಕ್ತೆ ಆದಿ ಎಂದು ನನ್ನನ್ನು ಚೇಷ್ಟೆ ಮಾಡುತ್ತಿದ್ದಿರಿ. ನಾನು ನಗುತ್ತಿದ್ದೆ. ಆ ಹೊಲಸು ಬಳಿದ ಕೈಯಿಂದ ಭಂಡಾರ ಮುಟ್ಟಿ ಪೂನಮಳ ತಲೆಯ ಮೇಲೆ ಆಣೆ ಮಾಡಿದ್ದರೆ, ನಿಮ್ಮ ಮಾತು ಖರೆ ಇದ್ದರೂ ನನ್ನ ಕಳ್ಳತನಕ್ಕಾಗಿ ಗಂಗವ್ವ ಕೂಸನ್ನು ಒಯ್ದರೆ? ಆ ಹೆದರಿಕೆಗೆ ನನ್ನ ಕೈ ಹಿಂದೆ ಬಂತು.

ನೀವು ಹೋದ ಮೇಲೆ ಕಾವಲನ್ನು ನನ್ನ ತಮ್ಮ ಲಕ್ಷ್ಮಣನಿಗೆ ಕೊಟ್ಟರು. ಅವನ ದೆಸೆಯಿಂದ ನಾನೂ ಪೂನಮಳೂ ಇದೇ ಗುಡಿಸಿಲಿನಲ್ಲಿ ಉಳಿದೆವು. ಕಲ್ಲು ತೊಳೆಯುವ ಕೆಲಸವೂ ನನಗೇ ಉಳಿಯಿತು.

ದೀಪಾವಳಿಯಾದ ಮೇಲೆ ಒಂದು ಬೆಳಿಗ್ಗೆ ಕುರಿ ಕಾಯುವ ಬೀರಣ್ಣ ಏರಿಯ ಮೇಲೆ ಹಿಂಡು ಹೊಡೆದುಕೊಂಡು ಬಂದ. ನಾನು ತಿಕ್ಕುವುದನ್ನು ನೋಡುತ್ತ ಕೋಲೂರಿ ನಿಂತ. "ಏನವಾ, ದಿನಾ ಅದನ್ನ ತೊಳದ ತೊಳದ ಹಾಕತಿ? ನೀರನಾಯಿ ಹೇಲು ಅದು. ಮಲಪ್ರಭಾ ದಂಡ್ಯಾಗ ಕಲ್ಲಿನ ಮ್ಯಾಲೆಲ್ಲಾ ಹಿಂಗ ಇರ್ತೈತಿ. ಒಂದ ಕಲ್ಲಾ ಹಿಡದೂ ಅಂದ್ರ ಅದಕ್ಕ ಬರ್ತಾವು. ನಿಮ್ಮ ಮೀನಾ ಎಲ್ಲಿ ಹೊಂಟಾವಂತ ಇನ್ನೂ ಗೊತ್ತಾಗಿಲ್ಲೇನು?" ಎಂದ. ತನ್ನ ಕೋಲಿನ ತುದಿಯಿಂದ ಆ ಹೊಲಸನ್ನು ಕೆದರಿ ತೋರಿಸಿದ. ಅದರ ತುಂಬ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು. ಒಂದು ವರ್ಷ ದಿನಾ ಕೈಯಿಂದ ಮುಟ್ಟಿದವಳು ನಾನು. ಒಂದು ದಿನವೂ ಕಣ್ಣಿಟ್ಟು ನೋಡಿರಲಿಲ್ಲ.

ಮರುದಿನ ನಸುಕಿನಲ್ಲಿ ತೊಳೆಯಲು ಹೋಗಲಿಲ್ಲ, ಜೊಂಡಿನ ಮರೆಯಲ್ಲಿ ಕುಳಿತೆ. ನಾಲ್ಕು ಬಂದವು, ಎರಡು ದೊಡ್ಡವು, ಎರಡು ಮರಿ. ಹಳ್ಳದ ಕಡೆಯಿಂದ ತೂಬಿನ ಕೆಳಗೆ ನುಸುಳಿ ಬಂದು ಏರಿ ಹತ್ತಿ ಕೆರೆಗೆ ಇಳಿದವು. ದೊಡ್ಡದೊಂದು ಕಟ್ಲಾವನ್ನು ಮುಂಗಾಲಿನಲ್ಲಿ ಹಿಡಿದುಕೊಂಡು ತಲೆಯಿಂದ ತಿನ್ನುತ್ತ ಬಂತು, ಅರ್ಧ ತಿಂದು ನೀರಿಗೆ ಬಿಟ್ಟು ಇನ್ನೊಂದಕ್ಕೆ ಮುಳುಗಿತು. ಹೊಟ್ಟೆ ತುಂಬಿದ ಮೇಲೂ ಹಿಡಿಯುತ್ತಿದ್ದವು, ಮರಿಗಳಿಗೆ ಆಟ ಕಲಿಸಲೆಂದೋ ಏನೋ. ಆಮೇಲೆ ನಾಲ್ಕೂ ಸೇರಿ ಗಂಗವ್ವನ ಕಲ್ಲು ಹತ್ತಿ, ತಮ್ಮ ಕೆಲಸ ಮುಗಿಸಿ, ಒಂದರ ಮೈಗೊಂದು ಮೈ ತಿಕ್ಕಿ ಸಿಳ್ಳೆ ಹಾಕಿದವು. ಚಂದ ಇದ್ದವು, ಸುಳ್ಳು ಯಾಕೆ ಹೇಳಲಿ. ನಿಮ್ಮನ್ನು ಮನೆ ಬಿಡಿಸಿದ ಪ್ರಾಣಿಗಳು ಅಷ್ಟು ಚಂದ ಇರಬಾರದಿತ್ತು ಎಂದು ಅಲ್ಲೇ ಕುಳಿತು ಅತ್ತೆ.

ಅವತ್ತೇ ಓಡಿಹೋಗಿ ಸೊಸೈಟಿಯವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ವರ್ಷವಿಡೀ ನಾನು ಮುಚ್ಚಿಟ್ಟ ಹೊಲಸಿನ ಮೇಲೆ ಊರ ಹೆಂಗಸರು ಹಣೆ ಹಚ್ಚಿದ್ದಾರೆ, ಅಲ್ಲಿಯ ಅರಿಸಿನವನ್ನು ತಮ್ಮ ಕೂಸುಗಳಿಗೆ ಹಚ್ಚಿದ್ದಾರೆ. ಅವರ ಮುಂದೆ ಯಾವ ಬಾಯಿಂದ ಹೇಳಲಿ? ನೀವೂ ಎಲ್ಲಿದ್ದೀರೆಂದು ಗೊತ್ತಿಲ್ಲ, ಹೇಳಿ ಯಾರಿಗೆ ಉಪಯೋಗ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ತೊಳೆಯತೊಡಗಿದೆ. ಈ ಸಲ ಗೊತ್ತಿದ್ದೂ ತೊಳೆದೆ. ನಾಲ್ಕು ತಿಂಗಳು.

ಈ ಯುಗಾದಿಯ ಹೊತ್ತಿಗೆ ಮತ್ತೆ ಬಲೆ ಬಿತ್ತು. ಹೋದ ವರ್ಷದಷ್ಟೂ ಬರಲಿಲ್ಲ. ಈಗ ಎಲ್ಲರೂ ಲಕ್ಷ್ಮಣನ ಕಡೆಗೆ ನೋಡಿದರು. ಅವನಿಗೆ ಲಗ್ನವಾಗಿಲ್ಲ, ಅವನ ಮನೆಯ ಹೆಂಗಸೆಂದರೆ ನಾನೇ. ಅದೇ ಕಲ್ಲು, ಅದೇ ಭಂಡಾರದ ತಟ್ಟೆ, ಅದೇ ಒದ್ದೆ ಸೀರೆ. ಲಕ್ಷ್ಮಣ, "ಅಕ್ಕಾ, ನೀನರ ಹೇಳ" ಎಂದ. ನಾನು ಹೇಳಿಬಿಟ್ಟೆ. ಎಲ್ಲವನ್ನೂ ಹೇಳಿದೆ. ಮರುದಿನ ನಸುಕಿಗೆ ಎಲ್ಲರನ್ನೂ ಕರೆದು, ತೊಳೆಯದ ಕಲ್ಲನ್ನು ತೋರಿಸಿದೆ.

ಗಂಡನಿಗಾಗಿ ಬಿಡದ ಬಾಯಿಯನ್ನು ತಮ್ಮನಿಗಾಗಿ ಬಿಟ್ಟೆ. ಇದನ್ನು ನೀವು ಅನ್ನುವ ಮೊದಲೇ ನಾನು ಬರೆದಿದ್ದೇನೆ.

ಹೆಂಗಸರು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಈಗ ನಾನು ಬಾವಿಯ ನೀರಿಗೆ ಹೋದರೆ ಕೊಡ ಎತ್ತಿಕೊಂಡು ಎದ್ದು ಹೋಗುತ್ತಾರೆ. ಗಂಡಸರು ಒಂದಿಷ್ಟು ದಿನ ಡಬ್ಬಿ ಬಡಿದರು, ಪಟಾಕಿ ಹಾರಿಸಿದರು, ತೂಬಿಗೆ ಮುಳ್ಳು ಒಟ್ಟಿದರು. ಅವು ಇನ್ನೊಂದು ಕಡೆಯಿಂದ ಬಂದವು. ಮೈಲಾರಲಿಂಗಣ್ಣ, ಮುಂದಿನ ವರ್ಷ ತಂತಿ ಬಲೆ ಕಟ್ಟೋಣ, ತಡೆಯಿರಿ ಎಂದರು. ಲಕ್ಷ್ಮಣ ತಡೆಯಲಿಲ್ಲ. ಕಳ್ಳ ಎನ್ನಿಸಿಕೊಂಡ ಸಿಟ್ಟು ಅವನಿಗೆ. ಬೆಳೆಗೆ ಹೊಡೆಯುವ ವಿಷದ ಎಣ್ಣೆ ತಂದು, ಇದ್ದ ಮೀನಿನ ಹೊಟ್ಟೆಯಲ್ಲಿ ತುಂಬಿ ಕಲ್ಲಿನ ಸುತ್ತ ಇಟ್ಟ. ಉಳಿದ ಎಣ್ಣೆಯನ್ನು ಅವು ಅಡಗುವ ಜೊಂಡಿನ ಬುಡಕ್ಕೆ ಸುರಿದ. ಬೇಸಿಗೆಯ ಕೆರೆ, ಮೊಣಕಾಲುದ್ದ ನೀರು.

ಎರಡನೇ ಬೆಳಿಗ್ಗೆ ನೀರೆಲ್ಲ ಬೆಳ್ಳಗೆ ಕಂಡಿತು, ಹೊಟ್ಟೆ ಮೇಲಾದ ಮೀನುಗಳಿಂದ. ನೀರುನಾಯಿಗಳು ತಿಂದು ಉಳಿಸಿದ್ದೆಲ್ಲವನ್ನೂ ನಾವೇ ಕೊಂದೆವು. ಎರಡು ದೊಡ್ಡವು ಜೊಂಡಿನಲ್ಲಿ ಸತ್ತಿದ್ದವು, ಒಂದು ಮರಿ ಗಂಗವ್ವನ ಕಲ್ಲಿನ ಮೇಲೆ. ಇನ್ನೊಂದು ಮರಿ ಮೂರು ದಿನ ಹಳ್ಳದ ಕಡೆಯಿಂದ ಸಿಳ್ಳೆ ಹಾಕುತ್ತಿತ್ತು. ಪೂನಮ ಅದಕ್ಕೆ ರೊಟ್ಟಿ ಒಯ್ಯುತ್ತೇನೆಂದು ಹಟ ಮಾಡಿದಳು. ನಾಲ್ಕನೇ ದಿನ ಕೇಳಿಸಲಿಲ್ಲ. ಈಗಲೂ ದನ ಆ ನೀರಿಗೆ ಬಾಯಿ ಹಾಕದ ಹಾಗೆ ಏರಿಗೆ ಬೇಲಿ ಕಟ್ಟಿದ್ದಾರೆ. ಈ ಮಳೆಗಾಲಕ್ಕೆ ಯಾರೂ ಮರಿ ಬಿಡುವುದಿಲ್ಲ. ಲಕ್ಷ್ಮಣ ಕೆಲಸ ಹುಡುಕಿಕೊಂಡು ಗೋವಾ ಕಡೆಗೆ ಹೋದ, ಹೋಗುವಾಗ ನನ್ನ ಮುಖ ನೋಡಲಿಲ್ಲ.

ಮೊನ್ನೆ ಮೈಲಾರಲಿಂಗಣ್ಣ ತಾವಾಗಿಯೇ ಬಂದು ಬಾಗಿಲಲ್ಲಿ ನಿಂತರು. ಒಳಗೆ ಕರೆದರೂ ಕುಳಿತುಕೊಳ್ಳಲಿಲ್ಲ. "ನಾಗಲಿಂಗನ ಮ್ಯಾಲಿನ ಮಾತು ನಾವ ಹೊಳ್ಳಿ ತಗೊಂಡೇವಿ ಅಂತ ಬರಿಯವಾ. ಎಲ್ಲಾರ ಮುಂದ ಬೇಕಾದ್ರ ಹೇಳ್ತೇನಿ" ಎಂದರು. ಮುದುಕರ ಕಣ್ಣಲ್ಲಿ ನೀರಿತ್ತು. ಹೀಗಾಗಿ ನಿಮ್ಮ ಹೆಸರಿಗೆ ಈಗ ಯಾವ ಕಳಂಕವೂ ಇಲ್ಲ. ಊರಿಗೆ ನೀವು ತಲೆ ಎತ್ತಿ ಬರಬಹುದು.

ಆದರೆ ಬಂದರೆ ಕಾಯಲು ಇಲ್ಲಿ ಏನೂ ಉಳಿದಿಲ್ಲ. ಕೆರೆ ಇಲ್ಲ, ಮೀನಿಲ್ಲ, ಸೊಸೈಟಿಯೂ ಇದ್ದಂತಿಲ್ಲ. ಇರುವುದು ನಾನು ಮತ್ತು ಪೂನಮ. ಅಷ್ಟಕ್ಕಾಗಿ ಬರುತ್ತೀರೋ ಎಂದು ಕೇಳಲೆಂದೇ ಇಷ್ಟುದ್ದ ಬರೆದೆ. ನೀವು ಬರುವುದು ಬೇಡವೆಂದರೆ ನಾವೇ ಅಲ್ಲಿಗೆ ಬರುತ್ತೇವೆ, ಟಿಳಕವಾಡಿಯ ಮನೆಗಳಲ್ಲಿ ಭಾಂಡೆ ತಿಕ್ಕಿಯಾದರೂ ನನ್ನ ಹೊಟ್ಟೆ ನಾನು ಹೊರೆಯುತ್ತೇನೆ. ಎರಡೂ ಬೇಡವಾದರೆ ಕಲಂದರಭಾಯಿಯ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿ. ಮುಂಗಾರಿನ ಮಿರಗದ ಮಳೆ ಬರುವ ತನಕ ಹಾದಿ ನೋಡುತ್ತೇನೆ.

ನಿಮ್ಮವಳೆಂದು ಬರೆದುಕೊಳ್ಳಲು ಹೆದರುವ,
ಸತ್ಯವ್ವ

ತಾ.ಕ.: ಪತ್ರ ಬರೆದು ಎರಡು ದಿನ ಕಲಂದರಭಾಯಿಗೆ ಕೊಡದೆ ಇಟ್ಟುಕೊಂಡೆ. ಮೈಲಿಗೆಯ ಕೈ, ಕೂಸಿಗಾಗಿ ಹೆದರಿದೆ ಎಂದು ಬರೆದಿದ್ದೇನಲ್ಲ, ಅದು ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ. ಹೋದ ವರ್ಷ ಬಲೆ ಹಾಕುವುದಕ್ಕೆ ಎಂಟು ದಿನ ಮೊದಲು ಒಗೆಯುವಾಗ ನಿಮ್ಮ ಅಂಗಿಯ ತೋಳಿನಲ್ಲಿ ಮೀನಿನ ಹುರುಪೆ ಅಂಟಿದ್ದವು. ಕೇಳಿದೆ. ಅರ್ಧ ಹರಿದ ಮೀನುಗಳು ಜೊಂಡಿನಲ್ಲಿ ತೇಲುತ್ತಿವೆ, ಸೊಸೈಟಿಯವರು ಕಂಡರೆ ಕಾವಲು ಸಡಿಲ ಅನ್ನುತ್ತಾರೆ, ಹೊಂಗೆ ಮರದ ಬುಡದಲ್ಲಿ ಹುಗಿಯುತ್ತಿದ್ದೇನೆ ಎಂದಿರಿ. ನಾನು ಹೂಂ ಎಂದೆ, ನಂಬಲಿಲ್ಲ. ಭಂಡಾರದ ಮುಂದೆ ನಿಂತಾಗ ನೀವು ಕದ್ದಿದ್ದೀರೆಂದೇ ನನ್ನ ಮನಸ್ಸಿನಲ್ಲಿತ್ತು. ಆ ಮರ ನಮ್ಮ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ. ಹೋಗಿ ನೋಡಬಹುದಿತ್ತು. ಅಲ್ಲಿ ಏನೂ ಸಿಗದಿದ್ದರೆ ನಿಮ್ಮ ಜೊತೆ ಹೇಗೆ ಬಾಳುವುದೆಂದು ಹೆದರಿ ಹೋಗಲಿಲ್ಲ. ಇವತ್ತು ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ಹೋದೆ. ಮೊಣಕೈ ಆಳಕ್ಕೆ ಮೀನಿನ ಎಲುಬು ಸಿಕ್ಕವು. ಒಂದರ ಪಕ್ಕ ಒಂದು, ಸಾಲಾಗಿ ಇಟ್ಟು ಹುಗಿದಿದ್ದಿರಿ.