ಬೈಕಿನ ನಾಲ್ಕು ಗಂಟಲು

ಶೆಡ್ಡಿನ ಬೆಂಚಿನಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಬುಗುರಿ,

ಹೇಗಿದ್ದೀಯ? ಕಾಲು ಹೇಗಿದೆ? ಒಳಗೆ ಹಾಕಿರುವ ಕಂಬಿ ಚಳಿಗೆ ಜುಮ್ಮೆನ್ನುತ್ತದೆ ಎಂದು ಅಮ್ಮನಿಗೆ ಹೇಳಿದ್ದೆಯಂತೆ. ಬಿಸಿನೀರಿನ ಶಾಖ ಕೊಡುತ್ತಿದ್ದೀಯೋ, ಇಲ್ಲ "ಆಮೇಲೆ ಮಾಡ್ತೀನಿ" ಎಂಬ ನಿನ್ನ ಹಳೇ ರಾಗವೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸ್ ಡಿಪೋದಲ್ಲಿ ಗಂಟೆಗಟ್ಟಲೆ ನಿಂತು ಕೆಲಸ ಮಾಡಬೇಡ, ಒಂದು ಸ್ಟೂಲು ಕೇಳಿ ಹಾಕಿಸಿಕೋ, ನೀನು ನಾಚಿಕೆಪಟ್ಟುಕೊಂಡರೆ ನೋವು ಯಾರಿಗೆ? ನಾನು ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೂ "ಹೂಂ, ಊಂಹೂಂ" ಬಿಟ್ಟರೆ ಮಾತಿಲ್ಲ. ಅದಕ್ಕೇ ಪತ್ರ. ಇದನ್ನು ಅರ್ಧದಲ್ಲಿ ಕಟ್ ಮಾಡಲು ಬರುವುದಿಲ್ಲ ನೋಡು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಈ ವಾರ ಶೆಡ್ಡಿನಲ್ಲಿ ನಡೆದದ್ದನ್ನು ಓದಿದ ಮೇಲೆ ಅದನ್ನು ಎಷ್ಟು ನಂಬಬೇಕೋ ನೀನೇ ತೀರ್ಮಾನಿಸು.

ಮೊದಲೇ ಹೇಳಿಬಿಡುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನ್ನ ಬೈಕು ಇನ್ನಿಲ್ಲ. ಆ ಇಳಿಜಾರಿನ ತಿರುವಿನಿಂದ ಎತ್ತಿ ತಂದ ದಿನದಿಂದ ಅದು ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ್ ಹೊದ್ದು ನಿಂತಿತ್ತಲ್ಲ, ಅಪ್ಪ ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು. ಅವರ ಬಾಯಲ್ಲಿ ಅದು "ನನ್ನ ತಮ್ಮನ್ನ ತಿಂದ ಗಾಡಿ". ನಿನ್ನ ಹಿಂದೆ ಕೂತು ಹೋದ ಚಿಕ್ಕಪ್ಪ ವಾಪಸ್ ಬರಲಿಲ್ಲ ಎನ್ನುವ ಸಂಕಟ ಒಂದು. ನೀನು ಆಸ್ಪತ್ರೆಯ ಹಾಸಿಗೆಯಲ್ಲಿ "ನಾನು ಆಕ್ಸಿಲರೇಟರ್ ಬಿಟ್ಟೆ ಅಪ್ಪಾ, ಅದು ಬಿಡ್ಲಿಲ್ಲ" ಎಂದದ್ದು ಇನ್ನೊಂದು. ವೇಗದ ಹುಚ್ಚಿಗೆ ಒಂದು ಜೀವ ಕಳೆದು ಮೇಲೆ ಸುಳ್ಳು ಬೇರೆ ಹೇಳುತ್ತಾನೆ ಎಂದು ಅವರು ಅವತ್ತಿನಿಂದ ನಿನ್ನೊಡನೆ ಮಾತು ಬಿಟ್ಟರು, ನೀನು ಮನೆ ಬಿಟ್ಟೆ. ನಾನು ನಿನ್ನ ಮಾತು ನಂಬಿದೆ. ಆದರೆ ನಂಬಿಕೆಯನ್ನು ಬೆಂಚಿನ ಮೇಲಿಟ್ಟು ಅಪ್ಪನಿಗೆ ತೋರಿಸಲಾಗುವುದಿಲ್ಲವಲ್ಲ. ಗುಜರಿಯವನು ಬರುವ ಮೊದಲು ನಾನು ಅಡ್ಡ ಬಾಯಿ ಹಾಕಿ, ಬೇರೇನು ಬೇಕಾದರೂ ಹೋಗಲಿ, ಎಂಜಿನ್ನಿಗೆ ಗಾಳಿ ಬಿಡುವ ಅದರ ನಾಲ್ಕು ಥ್ರಾಟಲ್ ಬಾಡಿಗಳನ್ನು ನಮ್ಮ ಕಾರಿಗೆ ಹಾಕುತ್ತೇನೆ ಎಂದೆ. ನಿನ್ನದೇ ಆಸೆ ತಾನೇ ಅದು? ಅಪ್ಪ ಕಾರಿನ ಎಂಜಿನ್ನಿಗೆ ಕ್ಯಾಮ್ ಬದಲಾಯಿಸಿ, ಹೆಡ್ ಉಜ್ಜಿ, ಅಷ್ಟೆಲ್ಲ ಟ್ಯೂನ್ ಮಾಡಿ ಉಸಿರಾಡಲು ಒಂದೇ ಒಂದು ಮೂಗಿನ ಹೊಳ್ಳೆ ಬಿಟ್ಟಿದ್ದಾರೆ, ಒಂದೊಂದು ಸಿಲಿಂಡರಿಗೂ ಒಂದೊಂದು ಗಂಟಲು ಕೊಡಬೇಕು ಎಂದು ನೀನೇ ನನ್ನ ತಲೆ ತಿನ್ನುತ್ತಿದ್ದೆಯಲ್ಲ. ಅಪ್ಪ ಸ್ಪ್ಯಾನರ್ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. ಎದ್ದು ಹೊರಗೆ ಹೋದರು.

ಟಾರ್ಪಾಲಿನ್ ತೆಗೆದಾಗ ಧೂಳಿನ ಜೊತೆ, ಇಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ ಚಿಕ್ಕಪ್ಪನ ಪೇಂಟಿನ ವಾಸನೆ ಬಂತು. ಅವರು ಹೋದ ಮೇಲೆ ಈ ಶೆಡ್ಡಿನಲ್ಲಿ ಯಾರೂ ಪೇಂಟ್ ಡಬ್ಬಿಯ ಮುಚ್ಚಳ ತೆಗೆದಿಲ್ಲ, ಆದರೂ ಬಂತು. ನನ್ನ ಮೂಗಿನದೇ ಭ್ರಮೆ ಎಂದುಕೊಂಡು ಕೆಲಸಕ್ಕೆ ಕೂತೆ. ಫಿಲ್ಟರ್ ಡಬ್ಬಿ ಬಿಚ್ಚಿ ಟಾರ್ಚ್ ಹಿಡಿದರೆ, ನಾಲ್ಕು ಗಂಟಲುಗಳ ಒಳಗಿನ ಹಿತ್ತಾಳೆ ತಟ್ಟೆಗಳೂ ಅರ್ಧ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು, ಸುಮ್ಮನೆ ಕಣ್ಣು ಮುಚ್ಚಿ ನಿದ್ದೆಯ ನಾಟಕ ಮಾಡುವವರ ಹಾಗೆ. ಹ್ಯಾಂಡಲ್ ಮೇಲೆ ಕೈಯಿಲ್ಲ, ಸ್ಪ್ರಿಂಗ್ ಇದೆ, ಮುಚ್ಚಿರಬೇಕಿತ್ತು. ಬೆರಳು ತಾಗಿಸಿದೆ, ಟಪ್ ಎಂದು ಮುಚ್ಚಿಕೊಂಡವು. ಆಮೇಲೆ ಎಷ್ಟು ಸಲ ತೆರೆದು ಬಿಟ್ಟರೂ ಸಲೀಸಾಗಿ ಮುಚ್ಚಿದವು. ಬಿದ್ದ ಏಟಿಗೆ ಸಿಕ್ಕಿಕೊಂಡಿರಬೇಕು ಎಂದು ಮುಂದಕ್ಕೆ ಹೋದೆ. ಬೈಕಿನಲ್ಲಿ ಅವು ಒತ್ತೊತ್ತಾಗಿ ಕೂತಿರುತ್ತವೆ, ಕಾರಿನ ಹೆಡ್ಡಿನ ಕಿಂಡಿಗಳೋ ದೂರದೂರ. ನಾಲ್ಕನ್ನೂ ಬಿಡಿಸಿ, ನಡುವೆ ಉದ್ದದ ಸರಳು ಕೊಟ್ಟು, ಲೇತಿನಲ್ಲಿ ಅಲ್ಯೂಮಿನಿಯಂ ಕೊಳವೆ ಕಡೆದು, ದಪ್ಪ ರಬ್ಬರ್ ತೋಳು ಏರಿಸಿ ಕ್ಲಿಪ್ ಬಿಗಿದೆ. ಬ್ರೇಕಿಗೆ ಬೇಕಾದ ಗಾಳಿಯ ಎಳೆತವನ್ನು ಒಂದರಿಂದಲೇ ತೆಗೆದುಕೊಳ್ಳದೆ ನಾಲ್ಕರಿಂದಲೂ ತೆಗೆದುಕೊಂಡಿದ್ದೇನೆ. ನೀನಾಗಿದ್ದರೆ ಸೋಮಾರಿತನ ಮಾಡಿ ಒಂದಕ್ಕೇ ಮುಗಿಸುತ್ತಿದ್ದೆ, ಸುಳ್ಳಾ?

ನಾಲ್ಕೂ ಸಮನಾಗಿ ಉಸಿರೆಳೆಯುವಂತೆ ಮಾಡುವುದು ನಮ್ಮ ಮನೆಯಲ್ಲಿ ಮೀಟರಿನಿಂದ ಅಲ್ಲ, ಕಿವಿಯಿಂದ ಎಂದು ನಿನಗೆ ಗೊತ್ತು. ಎಂಜಿನ್ ಚಾಲೂ ಮಾಡಿ, ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಗಂಟಲಿಗೆ ಹಿಡಿದು ಸ್ಕ್ರೂ ತಿರುಗಿಸುತ್ತಾ ಹೋದೆ. ಒಂದು, ಎರಡು, ನಾಲ್ಕು ಒಂದೇ ಸಮ ಬುಸ್ಸೆನ್ನುತ್ತಿದ್ದವು. ಮೂರನೆಯದು ಮಾತ್ರ ಬೇರೆ. ಬಣ್ಣ ಹೊಂದಿಕೆಯಾಗದಾಗ ಚಿಕ್ಕಪ್ಪ ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ "ಸ್ಸ್..." ಎಂದು ಉಸಿರು ಎಳೆದುಕೊಂಡು, "ಯಾಕೋ ಸರಿ ಇಲ್ಲ ಕಣೇ" ಎನ್ನುತ್ತಿದ್ದರಲ್ಲ, ಆ ಎಳೆತ. ಅದೇ ತಡೆದು ತಡೆದು ಎಳೆಯುವ ರೀತಿ, ಕೊನೆಯಲ್ಲಿ ಅದೇ ಸಣ್ಣ ನಿಲುಗಡೆ, ಇನ್ನೇನು ಮಾತು ಬರುತ್ತದೆ ಎನ್ನುವಂತೆ. ಗಾಳಿ ಎಷ್ಟು ಹೋಗಬೇಕೋ ಅಷ್ಟೇ ಹೋಗುತ್ತಿತ್ತು, ಸದ್ದು ಮಾತ್ರ ಬದಲಾಗಲಿಲ್ಲ. ಟ್ಯೂಬ್ ಕಿವಿಯಿಂದ ತೆಗೆದು ಹಿಂದೆ ತಿರುಗಿ ನೋಡಿದೆ. ಖಾಲಿ ಶೆಡ್ಡು, ಗೋಡೆಯ ಮೇಲೆ ಅವರ ಸ್ಪ್ರೇ ಗನ್, ಅಷ್ಟೇ.

ಅಸಲು ಕಥೆ ಶುರುವಾದದ್ದು ಆ ಮಧ್ಯಾಹ್ನ. ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು, ಎರಡು ಸಲ ಜೋರಾಗಿ ಏರಿಸಿ ಇಳಿಸಿ, ನೀರು ಕುಡಿಯಲು ಬಾಗಿಲ ಹತ್ತಿರ ಬಂದಿದ್ದೆ. ಹಿಂದೆ ಎಂಜಿನ್ ತಾನಾಗಿ ಏರಿತು. ಇಳಿಯಿತು. ಮತ್ತೆ ಏರಿತು. ನೀನು ಗೇಟಿನ ಹತ್ತಿರ ಬಂದು ವ್ರೂಂ ವ್ರೂಂ ಎನ್ನಿಸುತ್ತಿದ್ದೆಯಲ್ಲ, ಬಾಗಿಲು ತೆಗೆಯುವವರು ಕಿವುಡರೋ ಎನ್ನುವ ಹಾಗೆ, ಥೇಟ್ ಹಾಗೇ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿ ಬಂದು, ಗೇಟಿನ ಕಡೆಗೆ ನೋಡಿ "ಬಂದ್ನಾ?" ಎಂದರು. ನಾನು ಕಾರಿನೊಳಗೆ ಬಗ್ಗಿ ನೋಡಿದೆ. ಸೀಟಿನಲ್ಲಿ ಯಾರೂ ಇಲ್ಲ. ಆಕ್ಸಿಲರೇಟರ್ ಪೆಡಲ್ ಮಾತ್ರ ಒಂದಿಷ್ಟು ಕೆಳಗಿಳಿದು ನಿಂತಿತ್ತು, ಯಾರೋ ಅದರ ಮೇಲೆ ಹಗುರಾಗಿ ಕಾಲಿಟ್ಟು ಕೂತ ಹಾಗೆ. ಕೀ ತಿರುಗಿಸಿ ನಿಲ್ಲಿಸಿದೆ. ಹೊರಗೆ ಕೂತಿದ್ದ ಅಪ್ಪನ ಮುಖ ಸುಣ್ಣದಂತಾಗಿತ್ತು, ಎದ್ದು ಒಳಗೆ ಹೋದರು. ಮಾರನೇ ದಿನವೂ ಬಿಸಿಯಾದ ಮೇಲೆ ಅದೇ ಏರಿಳಿತ, ಅದೇ ಕಾಣದ ಕಾಲು. ಹೆದರಿದೆ ಕಣೋ, ಸುಳ್ಳೇಕೆ ಹೇಳಲಿ. ಆ ಸೀಟಿಗೆ ಬೆನ್ನು ಕೊಟ್ಟು ಕೆಲಸ ಮಾಡಲು ಮೈಯೆಲ್ಲ ಹಿಂಜರಿಯುತ್ತಿತ್ತು.

ಹೆದರಿಕೆ ಒಂದು ಕಡೆಯಾದರೆ ನನ್ನ ಹಟ ಇನ್ನೊಂದು ಕಡೆ. ಥ್ರಾಟಲ್‌ಗಳನ್ನು ಬಿಚ್ಚಿ ಬೆಂಚಿನ ಮೇಲಿಟ್ಟು, ಬಿಸಿಗಾಳಿಯ ಗನ್ ಹಿಡಿದು, ಮುಟ್ಟಲಾಗದಷ್ಟು ಕಾಯಿಸಿ, ತಟ್ಟೆಗಳನ್ನು ಅರ್ಧ ತೆರೆದು ಬಿಟ್ಟೆ. ಮುಚ್ಚಲಿಲ್ಲ. ಕಾದಾಗ ತಟ್ಟೆ ಕೂತಿರುವ ಸವೆದ ಹಳೇ ಸರಳು ಒಂದು ಕಡೆ ಹಿಡಿದುಕೊಳ್ಳುತ್ತದೆ, ಸೋತ ಸ್ಪ್ರಿಂಗಿಗೆ ಅದನ್ನು ಎಳೆಯುವ ಶಕ್ತಿ ಇಲ್ಲ. ಪೆಡಲ್ ಕೆಳಗೆ ಹಿಡಿದು ಎಂಜಿನ್ ಏರಿಳಿಸುತ್ತಿದ್ದ ಆ ಕಾಣದ ಕಾಲು ಇದೇ. ತಣ್ಣಗಾದ ಮೇಲೂ ಹಾಗೇ ನಿಲ್ಲುತ್ತವೆ, ಬೆರಳು ತಾಗಿಸಿದರೆ ಮಾತ್ರ ಟಪ್. ಟಾರ್ಪಾಲಿನ್ ಕೆಳಗೆ ಅವು ಇಷ್ಟು ದಿನವೂ ಆ ತಿರುವಿನಲ್ಲಿದ್ದ ಹಾಗೇ ತೆರೆದುಕೊಂಡಿದ್ದವು, ತಿಳಿಯಿತಾ? ಇಂಥ ಬೈಕುಗಳಿಗೆ ಎರಡು ಕೇಬಲ್ ಕೊಡುವುದು ಇದಕ್ಕೇ. ತೆರೆಯಲು ಎಳೆಯುವುದು ಒಂದು, ಮುಚ್ಚಲು ಎಳೆಯುವುದು ಇನ್ನೊಂದು. ಸ್ಪ್ರಿಂಗ್ ಸೋತರೂ ಕೈ ಸೋಲಬಾರದು ಎಂದು. ನಿನ್ನ ಬೈಕಿನಿಂದ ಬಿಚ್ಚುವಾಗ ನನ್ನ ಕೈಗೆ ಸಿಕ್ಕಿದ್ದು ಒಂದೇ. ಕಾರಿಗಾದರೂ ಎರಡನೆಯದು ಹಾಕೋಣ ಎಂದು ಗೋಡೆಯ ಮೊಳೆಯ ಹತ್ತಿರ ಹೋದೆ. ಅಪ್ಪನ ಪದ್ಧತಿ ನಿನಗೆ ಗೊತ್ತಲ್ಲ, ಸರ್ವಿಸಿಗೆ ಬಂದ ಪ್ರತಿ ಬೈಕಿನಿಂದಲೂ ಮುಚ್ಚುವ ಕೇಬಲ್ ಕಿತ್ತು ಆ ಮೊಳೆಗೆ ನೇತುಹಾಕುತ್ತಾರೆ, "ಕಾರಿಗೆ ಒಂದು ಸಾಕಾದ್ರೆ ಇದಕ್ಯಾಕೆ ಎರಡು, ಸ್ಪ್ರಿಂಗ್ ಇರೋದ್ಯಾಕೆ?" ಎಂದು. ಆ ಗೊಂಚಲಿನಲ್ಲಿ ಒಂದಕ್ಕೆ ಹಳದಿ ಟೇಪು ಸುತ್ತಿತ್ತು. ನೀನು ಸುತ್ತುವ ಹಾಗೆ, ಕೊನೆಯನ್ನು ಮಡಚಿ ಒಳಗೆ ತೂರಿಸಿ. ನಿನ್ನ ಬೈಕಿನದೇ, ಕಳೆದ ಸರ್ವಿಸಿನಲ್ಲಿ ಅಪ್ಪ ನಿನಗೆ ಹೇಳದೆ ತೆಗೆದಿದ್ದರು.

ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಅಪ್ಪ ಒಳಗೆ ಬಂದರು. ಅವರೇ ಆ ಟೇಪನ್ನು ನೋಡಿದರು. ಬೆಂಚಿನ ಹತ್ತಿರ ಕರೆದು, ಗಂಟಲುಗಳನ್ನು ಮತ್ತೆ ಕಾಯಿಸಿ, "ನೀವೇ ತೆರೆದು ಬಿಡಿ" ಎಂದೆ. ಹೆಬ್ಬೆರಳಿನಿಂದ ತೆರೆದು ಬಿಟ್ಟರು. ಮುಚ್ಚುತ್ತದೆ ಎಂದು ಕಾಯುತ್ತಾ ನಿಂತರು. ಎಷ್ಟು ಹೊತ್ತು ಕಾದರು ಎಂದರೆ ನಾನೇ ಕೈ ಚಾಚಿ ಮುಚ್ಚಲು ಹೋದೆ. ನನ್ನ ಕೈ ತಳ್ಳಿದರು. "ಹೇಳಿದ್ದ ಅವ್ನು" ಎಂದರು. ಆಮೇಲೆ ತೆರೆಯುವುದು, ಬಿಡುವುದು, ನೋಡುವುದು, ಮತ್ತೆ ತೆರೆಯುವುದು. ಬೆರಳು ಸುಟ್ಟು ಬೊಬ್ಬೆ ಬಂದರೂ ಬಿಡಲಿಲ್ಲ, ಅಮ್ಮ ಬಂದು ಎಬ್ಬಿಸಿಕೊಂಡು ಹೋಗಬೇಕಾಯಿತು.

ನಾನು ಎಲ್ಲವನ್ನೂ ಮತ್ತೆ ಕಾರಿಗೆ ಜೋಡಿಸಿ, ನಿನ್ನ ಆ ಕೇಬಲನ್ನೇ ಪೆಡಲಿಗೆ ಕಟ್ಟಿದ್ದೇನೆ. ಪೆಡಲ್ ಮೇಲೆ ಒಂದು ಪಟ್ಟಿ ಇದೆ, ಬೂಟು ಅದರೊಳಗೆ ತೂರಿಸಬೇಕು, ಕಾಲೆತ್ತಿದರೆ ಕೇಬಲ್ ಎಳೆದು ಗಂಟಲುಗಳನ್ನು ಮುಚ್ಚಿಸುತ್ತದೆ. ಹೊಸ ಸರಳು, ಹೊಸ ಸ್ಪ್ರಿಂಗ್ ಇನ್ನೂ ಬಂದಿಲ್ಲ. ಅವು ಬರುವ ತನಕ ಕಾರು ರಸ್ತೆಗಿಳಿಯಕೂಡದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದ್ದೇನೆ. ಅಪ್ಪ ಮಾತ್ರ ಹಗಲೆಲ್ಲ ಆ ಸೀಟಿನಲ್ಲೇ ಕೂರುತ್ತಾರೆ. ಎಂಜಿನ್ ಚಾಲೂ ಮಾಡಿ, ಬಿಸಿಯಾಗುವ ತನಕ ಕಾದು, ಕಿಟಕಿಯ ಆಚೆ ಯಾರೋ ನಿಂತು ಏನೋ ಹೇಳುತ್ತಿರುವ ಹಾಗೆ ತಲೆಯಾಡಿಸುತ್ತಾರೆ. ಸರಳು ಹಿಡಿದುಕೊಳ್ಳುವುದರ ಗುಟ್ಟೇನೋ ಸಿಕ್ಕಿತು. ಮೂರನೇ ಗಂಟಲಿನ ಆ "ಸ್ಸ್..." ಎಂಬುದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ. ಕಾಯಿಸಿ ನೋಡಿದೆ, ತಣಿಸಿ ನೋಡಿದೆ, ನಾಲ್ಕನೆಯದರ ಜಾಗಕ್ಕೆ ಬದಲಾಯಿಸಿಯೂ ನೋಡಿದೆ, ಅದು ಜೊತೆಗೇ ಬಂತು. ಅಪ್ಪನ ಕಿವಿಗೆ ಆ ಟ್ಯೂಬು ಇನ್ನೂ ಕೊಟ್ಟಿಲ್ಲ.

ಮನೆಗೆ ಬಾ ಎಂದು ನಾನು ಕರೆಯುವುದಿಲ್ಲ. ಕರೆಯಬೇಕಾದ ಬಾಯಿ ನನ್ನದಲ್ಲ. ಆದರೆ ನೀನು ಅವತ್ತು ನಿಜ ಹೇಳಿದ್ದೆ ಎನ್ನುವುದು ಈಗ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದು ನಿನಗೆ ತಿಳಿಯಲಿ ಎಂದು ಇಷ್ಟುದ್ದ ಕೊರೆದೆ. ಅಮ್ಮ ನಿನ್ನ ಕಾಲಿಗೊಂದು, ನಿನ್ನ ಹಟಕ್ಕೊಂದು, ಬೇರೆಬೇರೆಯಾಗಿ ಆಶೀರ್ವಾದ ಕಳಿಸಿದ್ದಾರೆ. ನೆಮ್ಮದಿಯಾಗಿ ನಿದ್ದೆ ಮಾಡು, ನಗುನಗುತ್ತಾ ಇರು.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ್ದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕಾರಿನ ಬಾನೆಟ್ ಮೇಲಿಟ್ಟು ಬರೆಯುತ್ತಿದ್ದೇನೆ, ಎಂಜಿನ್ ಓಡುತ್ತಿದೆ. ಅಪ್ಪ ಗಡ್ಡ ಬೋಳಿಸಿಕೊಂಡು ಇಸ್ತ್ರಿ ಶರ್ಟು ಹಾಕಿ ಒಳಗೆ ಕೂತಿದ್ದಾರೆ. "ಪೋಸ್ಟಿಗೆ ಯಾಕೆ, ಕೊಡು, ಅವನ ಕೈಗೆ ನಾನೇ ಕೊಡ್ತೀನಿ" ಎಂದರು. ಖುಷಿಯಿಂದ ಬಗ್ಗಿ ನೋಡಿದರೆ ಪೆಡಲ್ ಮೇಲೆ ಪಟ್ಟಿ ಇಲ್ಲ. ನಿನ್ನ ಕೇಬಲ್ ಬಿಚ್ಚಿ, ಸುರುಳಿ ಸುತ್ತಿ, ಪಕ್ಕದ ಸೀಟಿನ ಮೇಲಿಟ್ಟುಕೊಂಡಿದ್ದಾರೆ. "ಅವನಿಗೆ ಇರ್ಲಿಲ್ಲ, ನನಗೂ ಬೇಡ. ಅದೇ ದಾರೀಲಿ ಹೋಗ್ತೀನಿ" ಎನ್ನುತ್ತಾರೆ. ಕೀ ಕಿತ್ತುಕೊಳ್ಳಲು ಹೋದೆ, ಕೂಗಾಡಿದೆ, ಬಾನೆಟ್ಟಿಗೆ ಅಡ್ಡ ನಿಂತೆ. ಅಮ್ಮನೇ ನನ್ನ ರಟ್ಟೆ ಹಿಡಿದು "ದಾರಿ ಬಿಡೇ. ಹೋಗ್ಲಿ" ಎಂದರು. ಎಂಜಿನ್ ಆಗಲೇ ಕಾದು ಏರಿಳಿಯುತ್ತಿದೆ, ಅಪ್ಪ ಕಿಟಕಿಯಿಂದ ಕೈ ಚಾಚಿ ಕಾಗದ ಕೇಳುತ್ತಿದ್ದಾರೆ. ಬುಗುರಿ, ಇದು ನಿನ್ನ ಕೈ ಸೇರಿದೆ ಎಂದರೆ ಅವರು ಆ ತಿರುವು ದಾಟಿ ಬಂದಿದ್ದಾರೆ. ಬಾಗಿಲಲ್ಲಿ ನಿಲ್ಲಿಸಿಕೊಂಡು ಓದುತ್ತಾ ಕೂರಬೇಡ, ಒಳಗೆ ಕರಿ.