ಮೂರು ಕಾಲಿನ ಗುಬ್ಬಿ

ಸೆಪ್ಟೆಂಬರ್ 9, 1996. ಲೂಯಿಸ್‌ವಿಲ್

ಇವತ್ತೂ ಚಿಪ್ ಏಳಲಿಲ್ಲ. ಬೋರ್ಡಿಗೆ ಕೂರಿಸಿದ್ದು, ಪವರ್ ಕೊಟ್ಟದ್ದು, ಪರದೆ ನೋಡುತ್ತ ಕೂತದ್ದು ಅಷ್ಟೇ ಬಂತು. ಕಪ್ಪು. ಎರಡು ವರ್ಷ ಕಟ್ಟಿದ ಪ್ರೊಸೆಸರ್, ಮೊದಲ ಬ್ಯಾಚ್ ಬಂದಿದೆ, ಒಂದಕ್ಕೂ ಜೀವವಿಲ್ಲ. ತಿಂಗಳ ಕೊನೆಯೊಳಗೆ ನಡೆಯುವ ಚಿಪ್ ಕೈಗಿಡದಿದ್ದರೆ ಇದೇ ರಾಜ್ಯದ ಹ್ಯೂಸ್ಟನ್‌ನ ಕಂಪ್ಯೂಟರ್ ಕಂಪನಿ ಬೇರೆಯವರ ಹತ್ತಿರ ಹೋಗುತ್ತದೆ.

ಇವರು ಲೇಔಟ್‌ನಲ್ಲಿ, ಚಿಪ್‌ನ ತಂತಿಗಳ ನಕ್ಷೆ ಬರೆಯುವವರು; ನಾನು ಟೆಸ್ಟಿಂಗ್‌ನಲ್ಲಿ. ಒಂದೇ ಕಂಪನಿ, ಒಂದೇ ಕಾರು, ದಾರಿಯುದ್ದಕ್ಕೂ ಒಂದೇ ಜಗಳ. “ನಿನ್ನ ಟೆಸ್ಟಿನಾಗ ತಪ್ಪೈತಿ.” “ನಿಮ್ಮ ಲೇಔಟಿನಾಗ ಐತ್ರಿ.” “ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೀತಾರ, ನೀನೂ ಶ್ರೀಶೈಲ್ ಅನ್ನು” ಎನ್ನುತ್ತಾರೆ ಇವರು. ನನ್ನ ಬಾಯಿಗೆ ಬರುವುದಿಲ್ಲ, ಏನು ಮಾಡಲಿ.

ಗ್ರೀನ್ ಕಾರ್ಡ್ ಅರ್ಜಿ ಇವರ ಕೆಲಸದ ಮೇಲೆ ನಿಂತಿದೆ. ಕೆಲಸ ಹೋದರೆ ಗಂಟುಮೂಟೆ ಕಟ್ಟುವುದೇ.

ಸೆಪ್ಟೆಂಬರ್ 19. ಆಸ್ಟಿನ್, ಹೋಟೆಲ್

ಶಾರ್ಟ್ ಸಿಕ್ಕಿತು, ತಂತಿಗೆ ತಂತಿ ತಾಗಿದ ಜಾಗ. ಸಿಗಬಾರದಿತ್ತು.

ಚಿಪ್‌ನ ಒಂದು ಮೂಲೆ ಖಾಲಿ ಇರುತ್ತದೆ. ಲೇಔಟ್‌ನವರು ಅಲ್ಲಿ ತಮ್ಮ ಹೆಸರಿನ ಅಕ್ಷರ ಬರೆದುಕೊಳ್ಳುವುದು ಪದ್ಧತಿ. ಬರೆದದ್ದು ಲೋಹವಾಗಿ ಅಚ್ಚಾಗುತ್ತದೆ. ತಪ್ಪು ಹಿಡಿಯುವ ಪ್ರೋಗ್ರಾಂಗೆ ಆ ಮೂಲೆ ನೋಡಬೇಡ ಅಂತ ಹೇಳಿಟ್ಟಿರುತ್ತಾರೆ, ಇಲ್ಲದಿದ್ದರೆ ಒಂದೊಂದು ಅಕ್ಷರಕ್ಕೂ ಗೊಣಗುತ್ತದೆ.

ಇಲ್ಲಿಯ ಲ್ಯಾಬ್‌ನ ಮೈಕ್ರೋಸ್ಕೋಪಿನಲ್ಲಿ ಅಕ್ಷರಗಳ ಸಾಲು ಕಂಡಿತು. ಎಂ, ಆರ್ — ಲೇಔಟ್‌ಗೆ ಹಿರಿಯರಾದ ಮೋಹನರಾಜ. ಪಕ್ಕದಲ್ಲಿ ಒಂದು ಗುಬ್ಬಿ. ಮೂರು ಕಾಲು. ಮೂರನೆಯದು ಮೂಲೆಯ ಅಂಚಿನ ಎರಡು ತಂತಿಗಳನ್ನು ತುಳಿದು ನಿಂತಿದೆ.

ನಮ್ಮ ನಿಧಿಗೆ ನಾಲ್ಕು ವರ್ಷ. ಅವಳು ಬರೆಯುವ ಹಕ್ಕಿಗಳಿಗೆಲ್ಲ ಮೂರು ಕಾಲು. ಬೀಳಬಾರದಂತೆ.

ಲ್ಯಾಬಿನವನು “ಕ್ಯೂಟ್” ಅಂತ ನಕ್ಕ. ನಾನೂ ನಕ್ಕೆ. ಹಾಳಾದ ನಗು, ಎಲ್ಲಿಂದ ಬಂತೋ.

ಸೆಪ್ಟೆಂಬರ್ 20. ಮನೆ

“ಗುಬ್ಬಿ ನಿಮ್ದೇನ್ರಿ?”

ಇವರ ಮುಖ ಇಳಿದುಹೋಯಿತು. “ಕಡೀ ದಿನ ಹಾಕಿದ್ದೆ. ಮೋಹನರಾಜ ಸಹಿ ಮಾಡಿದ ಮ್ಯಾಲ. ನಿಧಿ ದೊಡ್ಡಾಕಿ ಆದಮ್ಯಾಲ ತೋರಿಸೂಣು ಅಂತ…”

“ಎಲ್ಲಾರೂ ಎರಡಕ್ಷರ ಬರದು ಸುಮ್ಮನಿರ್ತಾರ. ನಿಮಗ ಗುಬ್ಬೀನ ಬೇಕಾಗಿತ್ತೇನು?” ಬಾಯಿಗೆ ಬಂದಂತೆ ಬೈದೆ. ಆಮೇಲೆ ಇಬ್ಬರೂ ಅತ್ತೆವು.

ಲೇಔಟ್‌ನವರದೆಲ್ಲ ಒಂದೇ ಲಾಗಿನ್. ಯಾರು ಹಾಕಿದ್ದು ಅಂತ ಫೈಲ್ ನೋಡಿದರೆ ತಿಳಿಯುವುದಿಲ್ಲ. ರಿಪೋರ್ಟಿನಲ್ಲಿ “ಮೂಲೆಯ ಚಿತ್ರದಿಂದ ಶಾರ್ಟ್” ಅಂತಷ್ಟೇ ಬರೆದೆ.

ಅಕ್ಟೋಬರ್ 2

ಬಾಸ್ ಜೊತೆ ಹ್ಯೂಸ್ಟನ್‌ಗೆ ಹೋಗಿ ಬಂದೆ. ಸರಿಮಾಡಿದ ಚಿಪ್ ಬರಲು ಮೂರು ತಿಂಗಳು ಬೇಕು ಅಂದೆವು. ಕಾಫಿ ಕೊಟ್ಟರು, ಕೈ ಕುಲುಕಿದರು, ಮುಗಿಯಿತು.

ವಾಪಸ್ ಬರುವಾಗ ಬಾಸ್ ಕಾರು ಓಡಿಸಿದ. ಪೆಟ್ರೋಲ್ ಹಾಕಿಸಲು ನಿಂತಾಗ ಕೇಳಿದ — ಆ ಹಕ್ಕಿ ಮೋಹನ್‌ದು ತಾನೇ, ಅವನ ಅಕ್ಷರದ ಪಕ್ಕದಲ್ಲೇ ಇದೆಯಲ್ಲ?

“ಐ ಡೋಂಟ್ ನೋ” ಅಂದೆ. ಎಷ್ಟು ಸಲೀಸಾಗಿ ಅಂದೆ!

ಅಕ್ಟೋಬರ್ 4

ಮೋಹನರಾಜರನ್ನು ತೆಗೆದರು. ನಂದಲ್ಲ ಅಂದರಂತೆ, ಯಾರು ನಂಬುತ್ತಾರೆ? ಕೊನೆಯ ಸಹಿ ಅವರದು. ರಟ್ಟಿನ ಡಬ್ಬ ಹಿಡಿದು ನಮ್ಮ ಮುಂದೆಯೇ ಹೋದರು. ನಮ್ಮ ಹಾಗೇ ವೀಸಾ ಮೇಲಿರುವವರು. ಇವರು ಕೂತಲ್ಲಿಂದ ತಲೆ ಎತ್ತಲಿಲ್ಲ.

ಕಾರಿನಲ್ಲಿ ಅಂದರು, “ನಾಳೆ ಹೋಗಿ ಹೇಳಿಬಿಡ್ತೀನಿ.”

“ಹೇಳಬ್ಯಾಡ್ರಿ” ಅಂದೆ. ನಾನೇ ಅಂದೆ.

ನವೆಂಬರ್ 3, ಭಾನುವಾರ

ಪ್ರಾಜೆಕ್ಟ್ ಮುಚ್ಚಿದರು. ನಮ್ಮಿಬ್ಬರನ್ನು ಬೇರೆ ಟೀಮಿಗೆ ಹಾಕಿದ್ದಾರೆ. ಉಳಿದುಕೊಂಡೆವು. ಯಾವ ಮುಖ ಇಟ್ಟುಕೊಂಡು ಖುಷಿಪಡುವುದು?

ಮೋಹನರಾಜರ ಹೆಂಡತಿ ಭಾನುಮತಿ ಫೋನ್ ಮಾಡಿದ್ದರು. “ಮನೆ ಖಾಲಿ ಮಾಡ್ತಾ ಇದೀವಿ ಕಣೆ, ಪ್ರಿಯಂವದಾ. ಯಾರೂ ಕೆಲಸ ಕೊಡ್ತಿಲ್ಲ. ಇವ್ರು ಸರಿಯಾಗಿ ಊಟಾನೂ ಮಾಡ್ತಿಲ್ಲ. ಮೈಕ್ರೋಸ್ಕೋಪಲ್ಲಿ ನೋಡಿದ್ದು ನೀನೇ ಅಲ್ವಾ? ಅದು ಇವ್ರದಲ್ಲ ಅಂತ ಒಂದು ಮಾತು ಹೇಳೇ. ನಿನ್ನ ಮಾತು ನಂಬ್ತಾರೆ. ಸಾಯಂಕಾಲ ಬರ್ತೀನಿ, ಕೂತು ಮಾತಾಡೋಣ.”

ಬನ್ನಿ ಅಂದೆ. ಇನ್ನೇನು ಅನ್ನಲಿ.

ಸಂಜೆ

ಕಾರು ಬಂತು. “ಭಾನು ಆಂಟಿ ಈಸ್ ಹಿಯರ್!” — ನಿಧಿ ಕಿಟಕಿಯಲ್ಲಿ ಕುಣಿಯುತ್ತಿದ್ದಾಳೆ. ಇವರು ಫ್ರಿಜ್ ಮೇಲೆ ಅಂಟಿಸಿದ ಅವಳ ಮೂರು ಕಾಲಿನ ಹಕ್ಕಿಗಳನ್ನೆಲ್ಲ ಕಿತ್ತು ಡ್ರಾಯರಿಗೆ ತುರುಕುತ್ತಿದ್ದಾರೆ. ಅವಳು ನೋಡಿಬಿಟ್ಟಳು. “ಅಪ್ಪಾ, ದಟ್ಸ್ ಮೈನ್!” ಅಂತ ಅಳು ತೆಗೆದಳು.

ಬಾಗಿಲು ಬಡಿಯುತ್ತಿದ್ದಾರೆ. ತೆಗೆಯಬೇಕು. ತೆಗೆದು ಏನಂತ —