ಬೀಗ ಬಿದ್ದ ಫಿಜಿಯೋಥೆರಪಿ ಕೋಣೆ ಮತ್ತು ನನ್ನ ಕಣಕಾಲು

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನನ್ನ ಗೆಳತಿ ಸುಕನ್ಯಾಳ ಕಾಲು ಕಂಡರೆ ನನಗೆ ಹೊಟ್ಟೆಕಿಚ್ಚು. ಇದಕ್ಕೆ ಕಾರಣ ನಿಮ್ಮ ತಾಲ್ಲೂಕು ಆಸ್ಪತ್ರೆಯ ಫಿಜಿಯೋಥೆರಪಿ ಕೋಣೆಗೆ ಬಿದ್ದಿರುವ ಬೀಗ. ಎರಡಕ್ಕೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ, ಹೇಳುತ್ತೇನೆ.

ನಾವಿಬ್ಬರೂ ತೆಲಿಗಿಯವರು. ಪೊಲೀಸ್ ನೇಮಕಾತಿಯ ಓಟಕ್ಕೆಂದು ಒಂದೇ ಡಾಂಬರು ರಸ್ತೆಯಲ್ಲಿ ಓಡಿದೆವು. ಒಂದೇ ವಾರದಲ್ಲಿ ಇಬ್ಬರ ಕಣಕಾಲಿಗೂ ನೋವು ಬಂತು. ಮುಟ್ಟಿದರೆ ಜೀವ ಹೋಗುವಂಥದ್ದು. ಅವಳ ಅಪ್ಪನಿಗೆ ಅಂಗಡಿಯಿದೆ, ಕಾರಿದೆ. ವಾರಕ್ಕೆರಡು ಸಲ ದಾವಣಗೆರೆಗೆ ಕರೆದೊಯ್ದರು. ಅಲ್ಲಿ ಇದಕ್ಕೆ ಶಿನ್ ಸ್ಪ್ಲಿಂಟ್ ಎಂದು ಹೆಸರು ಹೇಳಿ, ಓಟ ನಿಲ್ಲಿಸಿ, ಮೀನಖಂಡಕ್ಕೆ ಬಲ ಬರುವ ವ್ಯಾಯಾಮ ಕಲಿಸಿ, ಶೂ ಬದಲಿಸಿ, ಆಮೇಲೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಓಡಿಸಿದರು. ಈಗ ಅವಳನ್ನು ಹಿಡಿಯುವವರಿಲ್ಲ.

ನಾನು ನಿಮ್ಮನ್ನು ನಂಬಿದೆ. ಕೋಣೆಯ ಬಾಗಿಲ ಮೇಲೆ 'ಪ್ರತಿ ಗುರುವಾರ' ಎಂದು ಚೆಂದದ ಅಕ್ಷರದಲ್ಲಿ ಬರೆಸಿದ್ದೀರಿ. ಮೂರು ಗುರುವಾರ ಬಸ್ಸು ಹತ್ತಿ ಬಂದೆ. "ಡೆಪ್ಯುಟೇಶನ್ ಮ್ಯಾಲ ಹೋಗ್ಯಾರವ್ವ, ಬರೂ ವಾರ ಬಾ," ಎಂದರು ಚೀಟಿ ಬರೆಯುವವರು, ಮೂರೂ ಸಲ. ಕಿಟಕಿಯಿಂದ ಇಣುಕಿದರೆ ಒಳಗೆ ಯಂತ್ರವೊಂದು ಬಟ್ಟೆ ಹೊದ್ದು ಮಲಗಿತ್ತು. ನನ್ನ ಕಾಲಿಗೆ ಬೇಕಾದ ವಿಶ್ರಾಂತಿಯನ್ನೆಲ್ಲ ಅದಕ್ಕೇ ದಯಪಾಲಿಸಿದ್ದೀರಲ್ಲ, ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

ಆಮೇಲೆ ನಮ್ಮ ಮನೆಯ ವೈದ್ಯ ನಡೆಯಿತು. ನಾವು ಕುರಿ ಸಾಕುವವರು. ಕುಂಟುವ ಕುರಿಗೆ ಕಾದ ಕುಡುಗೋಲಿನಿಂದ ಬರೆ ಹಾಕುತ್ತೇವೆ. "ಕುರಿಗೆ ಆರಾಮ ಆಕೈತಿ, ನಿನಗ ಯಾಕ ಆಗಂಗಿಲ್ಲ? ಚಾಚಲೇ ಕಾಲು," ಎಂದಳು ದೊಡ್ಡಮ್ಮ ಜಂಬಕ್ಕ. ಬಿ.ಎ. ಓದಿದ ನಾನು ಚಾಚಿದೆ. ಬರೆ ಹಾಕಿದ ಕುರಿಯನ್ನು ಹದಿನೈದು ದಿನ ಹೊರಗೆ ಬಿಡದೆ, ಹಟ್ಟಿಯಲ್ಲೇ ಕಟ್ಟಿ ಮೇವು ಹಾಕುತ್ತೇವೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸುಕನ್ಯಾ ಮುಂದೆ ಹೋಗಿಬಿಡುತ್ತಾಳೆಂದು ನಾನು ಮರುದಿನವೇ ಓಡಿದೆ. ಈಗ ನೋವಿನ ಜೊತೆ ಸುಟ್ಟ ಗಾಯವೂ ಇದೆ. ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೆ ಬೀಗ ಯಾರದು?

ಸುಕನ್ಯಾ ಕೆಟ್ಟವಳಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟು ನಿಂತು, "ಹಿಂಗ ಹಿಮ್ಮಡಿ ಎತ್ತಿ ಇಳಸು, ದಿನಾ ಮಾಡು," ಎಂದು ತೋರಿಸಿದಳು. "ನನ್ನ ಕಾಲು ಆರಾಮ ಐತಿ ಬಿಡು," ಎಂದೆ. ಮನೆಗೆ ಬಂದು ಹಟ್ಟಿಯ ಹಿಂದೆ ಕದ್ದು ಮಾಡಿದೆ. ಸರಿಯಾಗಿ ಮಾಡುತ್ತಿದ್ದೇನೋ ಇಲ್ಲವೋ, ನೋಡಿ ಹೇಳುವವರಿಲ್ಲ.

ಓಟಕ್ಕೆ ಇನ್ನು ಎಂಟು ವಾರ. ಈ ಗುರುವಾರ ಬೀಗ ತೆಗೆಸಿ, ಒಳಗೆ ಫಿಜಿಯೋಥೆರಪಿಸ್ಟರನ್ನು ಕೂರಿಸಿ. ದಿನಾ ಬೆಳಗ್ಗೆ ಸುಕನ್ಯಾಳ ಶೂ ಸಪ್ಪಳ ನಮ್ಮ ಮನೆಯ ಮುಂದೆ ಹಾದುಹೋಗುತ್ತದೆ. ನಿನ್ನೆ ಕೇಳಿಸಲಿಲ್ಲ. ಅವಳ ಕಾಲು ಮತ್ತೆ ನೋಯುತ್ತಿರಬೇಕೆಂದು ನನಗೆ ಖುಷಿಯಾಯಿತು, ಮಾನ್ಯರೇ. ಆಮೇಲೆ ತಿಳಿಯಿತು, ನೆಂಟರ ಮನೆಗೆಂದು ಚಿಗಟೇರಿಗೆ ಹೋಗಿದ್ದಳಂತೆ. ನಾನು ಇಂಥವಳಾಗಿರಲಿಲ್ಲ.

ಇಂತಿ,
ಹಟ್ಟಿಯ ಹಿಂದೆ ಹಿಮ್ಮಡಿ ಎತ್ತುತ್ತ ಇಳಿಸುತ್ತ ನಿಮ್ಮ ಗುರುವಾರಕ್ಕೆ ಕಾದಿರುವ
ಸೌಭಾಗ್ಯ, ತೆಲಿಗಿ